ಯಕೃತ್ತಿನ ಕ್ಯಾನ್ಸರ್ ವಂಶಪಾರಂಪರ್ಯವೇ?

ಒಂದು ಮನೆಯಲ್ಲಿ ತಾಯಿಗೂ ಮಗನಿಗೂ ಯಕೃತ್ತಿನ ರೋಗ ಬಂದರೆ, "ಅದು ಅವರ ವಂಶದಲ್ಲೇ ಇದೆ" ಎಂದು ಹೇಳಿಬಿಡುವುದು ನಮ್ಮಲ್ಲಿ ರೂಢಿ. ಈ ಒಂದು ಮಾತಿನಿಂದ ಆ ಮನೆಯ ಉಳಿದವರಿಗೆ ಭಯ ಹುಟ್ಟುತ್ತದೆ. ಮದುವೆಯ ಮಾತುಕತೆಗಳೂ ಮುರಿದುಬೀಳಬಹುದು. ಈ ಮಾತಿನಲ್ಲಿ ನಿಜವೆಷ್ಟು, ತಪ್ಪೆಷ್ಟು ಎಂಬುದನ್ನು ನಾವು ಇಲ್ಲಿ ವಿಚಾರ ಮಾಡೋಣ.

ನಮ್ಮ ಹೊಟ್ಟೆಯ ಬಲಭಾಗದಲ್ಲಿ, ಪಕ್ಕೆಲುಬುಗಳ ಮರೆಯಲ್ಲಿ ಯಕೃತ್ತು ಇದೆ. ಪಿತ್ತರಸವನ್ನು ತಯಾರಿಸುವುದು, ಸಕ್ಕರೆಯನ್ನು ಕೂಡಿಡುವುದು, ರಕ್ತದಲ್ಲಿನ ವಿಷವಸ್ತುಗಳನ್ನು ನಿವಾರಿಸುವುದು ಇದರ ಕೆಲಸಗಳು. ಇದು ಕೆಟ್ಟಾಗ ಕಾಣುವ ಒಂದು ಲಕ್ಷಣವೇ ಕಾಮಾಲೆ. ಕಾಮಾಲೆಗಳೆಲ್ಲ ಒಂದೇ ಅಲ್ಲ. ಕೊಳಕು ನೀರಿನಿಂದ ಬರುವುದು ಹೆಪಟೈಟಿಸ್ 'ಎ' ಮತ್ತು 'ಇ'. ಹೆಪಟೈಟಿಸ್ 'ಬಿ' ವೈರಸ್ ಹರಡುವುದು ರಕ್ತದ ಮೂಲಕ, ಶುದ್ಧಮಾಡದ ಸೂಜಿಗಳಿಂದ, ಲೈಂಗಿಕ ಸಂಪರ್ಕದಿಂದ ಮತ್ತು ಹೆರಿಗೆಯ ಸಮಯದಲ್ಲಿ ತಾಯಿಯಿಂದ ಮಗುವಿಗೆ.

ದೊಡ್ಡವರಾದ ಮೇಲೆ ಈ ಸೋಂಕು ತಗಲಿದರೆ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಮಂದಿಯ ದೇಹ ಅದನ್ನು ಹೊರದೂಡುತ್ತದೆ. ಆದರೆ ಹುಟ್ಟುವಾಗಲೇ ತಗಲಿದರೆ, ಸುಮಾರು ತೊಂಬತ್ತು ಶಿಶುಗಳಲ್ಲಿ ಅದು ದೀರ್ಘಕಾಲ ಉಳಿದುಬಿಡುತ್ತದೆ. ತಾಯಿಗೂ ಮಕ್ಕಳಿಗೂ ಒಂದೇ ರೋಗ ಬರುವುದಕ್ಕೆ ಇದೇ ಮುಖ್ಯ ಕಾರಣ. ಇಲ್ಲಿ ತಾಯಿಯಿಂದ ಮಗುವಿಗೆ ಬಂದದ್ದು ವೈರಸ್ಸೇ ಹೊರತು ವಂಶದ ದೋಷವಲ್ಲ.

ಈ ವೈರಸ್ ಪತ್ತೆಯಾದ ಕಥೆಯೂ ಸ್ವಾರಸ್ಯಕರವಾದುದು. ಅಮೆರಿಕದ ವೈದ್ಯ ಬರೂಚ್ ಬ್ಲೂಂಬರ್ಗ್ ಹುಡುಕುತ್ತಿದ್ದುದು ವೈರಸ್ಸನ್ನಲ್ಲ. ಬೇರೆ ಬೇರೆ ಜನರ ರಕ್ತದಲ್ಲಿರುವ ಆನುವಂಶಿಕ ವ್ಯತ್ಯಾಸಗಳನ್ನು ಅವರು ಅಭ್ಯಸಿಸುತ್ತಿದ್ದರು. ಆಸ್ಟ್ರೇಲಿಯದ ಒಬ್ಬ ಮೂಲನಿವಾಸಿಯ ರಕ್ತದಲ್ಲಿ ಒಂದು ಅಪರೂಪದ ಪದಾರ್ಥ ಕಂಡಿತು. 1965ರಲ್ಲಿ ಅವರು ಅದನ್ನು 'ಆಸ್ಟ್ರೇಲಿಯ ಆಂಟಿಜನ್' ಎಂದು ಕರೆದು ಪ್ರಕಟಿಸಿದರು. ಇದು ವಂಶಪಾರಂಪರ್ಯ ಗುಣವಿರಬಹುದೆಂದು ಮೊದಲು ಅವರೂ ಊಹಿಸಿದ್ದರು. ಮುಂದೆ ಅದು ಹೆಪಟೈಟಿಸ್ 'ಬಿ' ವೈರಸ್ಸಿನ ಹೊರಕವಚವೆಂದು ತಿಳಿದುಬಂತು. 1976ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಈ ವೈರಸ್ಸಿಗೂ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಖಚಿತಪಡಿಸಿದ್ದು ತೈವಾನಿನಲ್ಲಿ ನಡೆದ ಅಧ್ಯಯನ. ಪಾಮರ್ ಬೀಸ್ಲಿ ಮತ್ತು ಸಂಗಡಿಗರು 22,707 ಪುರುಷರನ್ನು ಕೆಲವು ವರ್ಷ ಗಮನಿಸಿ, 1981ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ವೈರಸ್ ಇಲ್ಲದವರಿಗಿಂತ ಇರುವವರಲ್ಲಿ ಯಕೃತ್ತಿನ ಕ್ಯಾನ್ಸರ್ 223 ಪಟ್ಟು ಹೆಚ್ಚಾಗಿತ್ತು!

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ವೈರಸ್ ಇರುವ ಇಬ್ಬರು ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಕ್ಯಾನ್ಸರ್ ಬರುತ್ತದೆ, ಇನ್ನೊಬ್ಬ ಮುಪ್ಪಿನವರೆಗೂ ಆರೋಗ್ಯವಾಗಿರುತ್ತಾನೆ. ಇದೇಕೆ? ಇಲ್ಲಿ ವಂಶವಾಹಿಗಳ ಪಾತ್ರ ಬರುತ್ತದೆ. ನಮ್ಮ ಜೀವಕೋಶಗಳಲ್ಲಿರುವ ಡಿ.ಎನ್.ಎ. ಸುಮಾರು ಮುನ್ನೂರು ಕೋಟಿ ಅಕ್ಷರಗಳ ಒಂದು ಗ್ರಂಥವೆಂದು ಭಾವಿಸಿರಿ. ಇಬ್ಬರು ಮನುಷ್ಯರ ಗ್ರಂಥಗಳನ್ನು ಹೋಲಿಸಿದರೆ ಸಾವಿರಕ್ಕೆ ಸುಮಾರು ಒಂದು ಅಕ್ಷರ ಬೇರೆಯಾಗಿರುತ್ತದೆ. ಆರನೆಯ ವರ್ಣತಂತುವಿನಲ್ಲಿರುವ 'ಎಚ್.ಎಲ್.ಎ.' ಎಂಬ ವಂಶವಾಹಿಗಳಲ್ಲಿ ಇಂಥ ವ್ಯತ್ಯಾಸಗಳು ಬಹಳ. ವೈರಸ್ಸಿನ ತುಣುಕುಗಳನ್ನು ಎತ್ತಿ ಹಿಡಿದು, "ಇಗೋ, ಶತ್ರು ಇಲ್ಲಿದ್ದಾನೆ" ಎಂದು ರಕ್ಷಣಾ ಕಣಗಳಿಗೆ ತೋರಿಸುವುದು ಇವುಗಳ ಕೆಲಸ. ತೋರಿಸುವ ರೀತಿ ಎಲ್ಲರಲ್ಲಿಯೂ ಒಂದೇ ಸಮವಲ್ಲ. ಸೋಂಕು ದೀರ್ಘಕಾಲ ಉಳಿಯುವುದಕ್ಕೂ ಈ ವ್ಯತ್ಯಾಸಗಳಿಗೂ ಸಂಬಂಧವಿದೆಯೆಂದು 2009ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು. ಈ ಗುಂಪಿನ ಒಂದು ವ್ಯತ್ಯಾಸಕ್ಕೂ 'ಸ್ಟ್ಯಾಟ್-4' ಎಂಬ ಇನ್ನೊಂದು ವಂಶವಾಹಿಗೂ ಕ್ಯಾನ್ಸರಿನೊಡನೆ ನಂಟಿದೆಯೆಂದು 2013ರಲ್ಲಿ ಚೀನಾದ ಸಂಶೋಧಕರು ವರದಿ ಮಾಡಿದರು.

ಆದರೆ ಪ್ರಮಾಣವನ್ನು ಮರೆಯಬಾರದು. ಇಂಥ ಒಂದೊಂದು ವ್ಯತ್ಯಾಸದಿಂದ ಹೆಚ್ಚುವ ಅಪಾಯ ಎರಡು ಪಟ್ಟಿಗಿಂತಲೂ ಕಡಿಮೆ. ವೈರಸ್ಸಿನ 223 ಪಟ್ಟಿನ ಮುಂದೆ ಇದು ಅಲ್ಪವೇ ಸರಿ. ಇದಲ್ಲದೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ, ಮದ್ಯಪಾನ, ಬೂಷ್ಟು ಹಿಡಿದ ನೆಲಗಡಲೆ ಮತ್ತು ಜೋಳದಲ್ಲಿ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷ - ಇವೂ ಅಪಾಯವನ್ನು ಹೆಚ್ಚಿಸುತ್ತವೆ. ಒಡಹುಟ್ಟಿದವರಿಗೋ ತಂದೆತಾಯಿಗೋ ಈ ಕ್ಯಾನ್ಸರ್ ಬಂದಿದ್ದರೆ, ವೈರಸ್ ಇರುವವರು ಹೆಚ್ಚು ಎಚ್ಚರದಿಂದಿರಬೇಕು. ಹೆದರಿ ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ವೈದ್ಯರ ಸಲಹೆಯಂತೆ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಿಕೊಂಡರೆ ಗಡ್ಡೆ ಚಿಕ್ಕದಿರುವಾಗಲೇ ತಿಳಿಯುತ್ತದೆ. ವೈರಸ್ಸನ್ನು ಅಡಗಿಸುವ ಮಾತ್ರೆಗಳೂ ಇವೆ.

ಎಲ್ಲಕ್ಕಿಂತ ಮಿಗಿಲಾದುದು ಲಸಿಕೆ. ತೈವಾನ್ 1984ರಲ್ಲಿ ಶಿಶುಗಳಿಗೆ ಲಸಿಕೆ ಹಾಕಲು ತೊಡಗಿತು. ಮುಂದಿನ ವರ್ಷಗಳಲ್ಲಿ ಅಲ್ಲಿಯ ಮಕ್ಕಳಲ್ಲಿ ಈ ಕ್ಯಾನ್ಸರ್ ಗಣನೀಯವಾಗಿ ಇಳಿಯಿತು. ಆ ಮಕ್ಕಳ ವಂಶವಾಹಿಗಳು ಬದಲಾಗಲಿಲ್ಲ, ಬದಲಾದದ್ದು ಲಸಿಕೆಯೊಂದೇ. ಭಾರತದಲ್ಲಿ 2011ರ ವೇಳೆಗೆ ಈ ಲಸಿಕೆ ದೇಶದ ಎಲ್ಲೆಡೆಯ ಶಿಶುಗಳ ಲಸಿಕಾ ಕಾರ್ಯಕ್ರಮದಲ್ಲಿ ಸೇರಿತು. ಮೊದಲ ಚುಚ್ಚುಮದ್ದನ್ನು ಮಗು ಹುಟ್ಟಿದ 24 ಗಂಟೆಗಳೊಳಗೆ ಕೊಡಬೇಕು.

ಆದುದರಿಂದ ವಿದ್ಯಾರ್ಥಿಗಳಾದ ನೀವು ಮನೆಗೆ ಹೋಗಿ ಎರಡು ಮಾತು ಹೇಳಿರಿ. ಮನೆಯಲ್ಲಿ ಹೊಸ ಮಗು ಹುಟ್ಟಿದರೆ ಮೊದಲ ದಿನದ ಲಸಿಕೆ ತಪ್ಪದಿರಲಿ. ಈ ವೈರಸ್ ಇರುವವರ ತಟ್ಟೆಲೋಟಗಳನ್ನು ಬೇರೆ ಇಡುವುದು ಬೇಡ. ಜೊತೆಯಲ್ಲಿ ಕುಳಿತು ಉಂಡರೆ ಅದು ಹರಡುವುದಿಲ್ಲ.