ಸಾಲ ತೀರಿದರೂ ತೀರದ ಜೂಜು

2025ರ ಆಗಸ್ಟ್‌ನಲ್ಲಿ ಸಂಸತ್ತು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಕರ್ನಾಟಕ 2021ರಲ್ಲೇ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇದಕ್ಕೆ ಕೈ ಹಾಕಿತ್ತು. ಮರುವರ್ಷದ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನು ರದ್ದುಮಾಡಿತು. ಈಗ ಕೇಂದ್ರದ ಕಾನೂನೇ ಬಂದಿರುವಾಗ ಜೂಜಿನ ಚಟಕ್ಕೆ ಚಿಕಿತ್ಸೆಯ ಮಾತೇಕೆ ಎಂದು ಕೇಳಬಹುದು. ನಿಷೇಧ ಹೊಸಬರನ್ನು ತಡೆದೀತು, ಅಷ್ಟಕ್ಕಾದರೂ ಅದು ಬೇಕು. ಆದರೆ ಪೀಣ್ಯದಲ್ಲಿ ಲೇತ್ ಮುಂದೆ ನಿಂತೋ ವೈಟ್‌ಫೀಲ್ಡ್‌ನ ಪಿಜಿಯಲ್ಲಿ ಮಲಗಿಯೋ, ಹೋದ ದುಡ್ಡನ್ನು ಹೇಗೆ ವಾಪಸ್ ತರಲಿ ಎಂದೇ ಯೋಚಿಸುತ್ತಿರುವವನಿಗೆ ಒಂದು ಆ್ಯಪ್ ಮುಚ್ಚಿದರೆ ಕ್ರಿಕೆಟ್ ಬುಕ್ಕಿ ಇದ್ದಾನೆ, ಭಾನುವಾರದ ಇಸ್ಪೀಟಿನ ಗುಂಪಿದೆ.

ಆ ಯೋಚನೆಗೆ ಮದ್ದಿದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11 ಜೂಜಿನ ಕಾಯಿಲೆಯನ್ನು ಮದ್ಯ ಮತ್ತು ಮಾದಕವಸ್ತುಗಳ ವ್ಯಸನದ ಸಾಲಿನಲ್ಲೇ ಇಟ್ಟಿದೆ. ಅದರ ಚಿಕಿತ್ಸೆಯ ಭಾರ ಹೆಚ್ಚಾಗಿ ಮಾತಿನ ಮೇಲೆ. ಮುಖ್ಯವಾದದ್ದು ಸಿಬಿಟಿ, ಅಂದರೆ ಯೋಚನೆಯನ್ನೂ ನಡವಳಿಕೆಯನ್ನೂ ಒಟ್ಟಿಗೆ ತಿದ್ದುವ ಚಿಕಿತ್ಸೆ. ಇದರಲ್ಲಿ ಬುದ್ಧಿವಾದವಿಲ್ಲ. ಎಷ್ಟು ಹೊತ್ತಿಗೆ ಆಡಿದೆ, ಎಷ್ಟು ಹೋಯಿತು, ಆಗ ತಲೆಯಲ್ಲಿ ಏನು ಓಡುತ್ತಿತ್ತು ಎಂದು ಆಡುವವನೇ ಬರೆದಿಡುತ್ತಾನೆ. ಬರೆಯುತ್ತ ಹೋದಂತೆ ಅಪಾಯದ ಗಳಿಗೆಗಳು ಕಾಣುತ್ತವೆ: ಸಂಬಳ ಬಿದ್ದ ರಾತ್ರಿ, ನೈಟ್ ಶಿಫ್ಟ್ ಮುಗಿದು ನಿದ್ದೆ ಬಾರದ ಬೆಳಗ್ಗೆ, ಸಾಲದ ಆ್ಯಪ್‌ನವರ ಫೋನು ಬಂದ ಹೊತ್ತು. ಆಮೇಲೆ ನಂಬಿಕೆಗಳ ಪರೀಕ್ಷೆ. ಐದು ಸಲ ಸೋತವನಿಗೆ ಆರನೆಯದು ಗೆಲುವೇ ಎಂಬ ಲೆಕ್ಕ, ಕೂದಲೆಳೆಯಲ್ಲಿ ತಪ್ಪಿತು ಎಂಬ ಸಮಾಧಾನ, ಇವು ಒಂದೊಂದಾಗಿ ಸಡಿಲವಾಗಬೇಕು. ಹೊಸದಾಗಿ ಕಲಸಿದ ಎಲೆಗಳಿಗೆ ಹಿಂದಿನ ಆಟದ ನೆನಪಿರುವುದಿಲ್ಲ. ಗಣಿತ ಬಲ್ಲ ಎಂಜಿನಿಯರ್ ಕೂಡ ತನ್ನ ಸರದಿಯಲ್ಲಿ ಇದನ್ನು ಮರೆಯುತ್ತಾನೆ. ಹಾಗಾಗಿ ತಿಳಿವಳಿಕೆಯೊಂದೇ ಸಾಲದು, ಅಭ್ಯಾಸ ಬೇಕು. ಜೊತೆಗೆ ಹಣವನ್ನು ದೂರ ಇಡುವ ಏರ್ಪಾಡು: ಸಂಬಳದ ಖಾತೆಯ ಮೇಲೆ ನಂಬಿಕಸ್ಥರ ಕಣ್ಣು, ಯುಪಿಐಗೆ ಸಣ್ಣ ಮಿತಿ.

ಬರೀ ಮಾತಿನಿಂದ ಚಟ ಬಿಡುತ್ತದೆಯೇ ಎಂಬ ಅನುಮಾನ ಸಹಜ. ಅಮೆರಿಕದಲ್ಲಿ ನ್ಯಾನ್ಸಿ ಪೆಟ್ರಿ ಮತ್ತು ಸಂಗಡಿಗರು 231 ಜೂಜುಗಾರರ ಮೇಲೆ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಸ್ವಸಹಾಯ ಗುಂಪಿಗೆ ಹೋಗಿ ಎಂದಷ್ಟೇ ಹೇಳಿಸಿಕೊಂಡವರಿಗಿಂತ ಸಿಬಿಟಿಯೂ ಸಿಕ್ಕವರು ಹೆಚ್ಚು ಸುಧಾರಿಸಿದರು. ಆದರೆ ಈ ಬಗೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2012ರ ಕಾಕ್ರೇನ್ ವಿಮರ್ಶೆ, ಮೊದಲ ತಿಂಗಳುಗಳ ಲಾಭಕ್ಕೆ ಪುರಾವೆಯಿದೆ, ದೀರ್ಘಕಾಲದ ಲಾಭಕ್ಕೆ ಸಾಲದು ಎಂದಿತು. ನನ್ನ ದೃಷ್ಟಿಯಲ್ಲಿ ಇದು ಚಿಕಿತ್ಸೆ ಬೇಡ ಎನ್ನಲು ಕಾರಣವಲ್ಲ. ಚಿಕಿತ್ಸೆ ಮುಗಿದ ಮೇಲೂ ಸಂಪರ್ಕ ಕಡಿಯಬಾರದು ಎನ್ನಲು ಕಾರಣ. ಸಕ್ಕರೆ ಕಾಯಿಲೆಯವರು ಒಂದು ವಾರ ಪಥ್ಯ ತಪ್ಪಿದರೆ ಅವರನ್ನು ನಾವು ಕೈಬಿಡುವುದಿಲ್ಲ.

ಮನೆಯವರು ಒಡವೆ ಅಡವಿಟ್ಟು, ಚೀಟಿ ಎತ್ತಿ ಸಾಲ ತೀರಿಸುತ್ತಾರೆ, ಆಣೆ ಮಾಡಿಸುತ್ತಾರೆ. ಪ್ರೀತಿಯಿಂದ ಮಾಡುವ ಈ ಕೆಲಸವೇ ಅನೇಕ ಸಲ ಮುಂದಿನ ಆಟಕ್ಕೆ ಬಂಡವಾಳವಾಗುತ್ತದೆ. ಮಹಾಭಾರತದಲ್ಲಿ ಧೃತರಾಷ್ಟ್ರ ದ್ರೌಪದಿಗೆ ವರ ಕೊಟ್ಟು, ಧರ್ಮರಾಯ ಜೂಜಿನಲ್ಲಿ ಕಳೆದದ್ದನ್ನೆಲ್ಲ ಮರಳಿಸಿದ. ಆದರೂ ಕರೆ ಬಂದೊಡನೆ ಧರ್ಮರಾಯ ಅನುದ್ಯೂತಕ್ಕೆ, ಅಂದರೆ ಎರಡನೆಯ ಜೂಜಿಗೆ ಕುಳಿತು ಕಾಡಿಗೆ ಹೋಗಬೇಕಾಯಿತು. ಹಣ ಬಂದಿತ್ತು, ಆಡುವವನು ಬದಲಾಗಿರಲಿಲ್ಲ. ಆದ್ದರಿಂದ ಸಾಲದ ಪಟ್ಟಿ ಪೂರ್ತಿ ಹೊರಬರಲಿ, ತೀರಿಸುವ ಕಂತು ಆಡಿದವನ ದುಡಿಮೆಯಿಂದಲೇ ಹೋಗಲಿ, ಮನೆಯವರು ಸಮಾಲೋಚನೆಗೆ ಜೊತೆಯಲ್ಲಿ ಕೂರಲಿ.

ಇದಕ್ಕೆಲ್ಲ ಜಾಗ ನಮ್ಮ ಬೆಂಗಳೂರಲ್ಲೇ ಇದೆ. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಮೊಬೈಲ್, ಇಂಟರ್‌ನೆಟ್ ಚಟಕ್ಕೆಂದೇ 2014ರಲ್ಲಿ ಶುರುವಾದ ‘ಶಟ್’ ಕ್ಲಿನಿಕ್ ಇದೆ. ಎಲೆಕ್ಟ್ರಾನಿಕ್ ಸಿಟಿಯೂ ನಿಮ್ಹಾನ್ಸೂ ಒಂದೇ ಹೊಸೂರು ರಸ್ತೆಯಲ್ಲಿವೆ. ಆದರೆ ಅಡ್ಡಿ ದೂರದ್ದಷ್ಟೇ ಅಲ್ಲ: ದಿನಗೂಲಿಯವನಿಗೆ ಹಗಲಿನ ಒಂದು ಭೇಟಿ ಎಂದರೆ ಒಂದು ದಿನದ ಕೂಲಿ, ಐಟಿ ನೌಕರನಿಗೆ ಕಂಪನಿಯ ಎಚ್‌ಆರ್‌ಗೆ ಗೊತ್ತಾದೀತೆಂಬ ಭಯ. ಇಎಸ್‌ಐ ಆಸ್ಪತ್ರೆಗಳಲ್ಲಿ ಶಿಫ್ಟ್ ಮುಗಿದ ಮೇಲೆ ಸಿಗುವ ಸಮಾಲೋಚಕರು ಬೇಕು. ಕಂಪನಿಗಳು ಏರ್ಪಡಿಸುವ ಕೌನ್ಸೆಲಿಂಗ್‌ನಲ್ಲಿ ನೌಕರನ ಹೆಸರು ಮ್ಯಾನೇಜರ್‌ವರೆಗೆ ಹೋಗುವುದಿಲ್ಲವೆಂಬ ಲಿಖಿತ ಭರವಸೆ ಬೇಕು. ಸಾಲದ ಒತ್ತಡದಲ್ಲಿ ಯಾರಾದರೂ ಸಾಯುವ ಮಾತಾಡಿದರೆ ಮಾತ್ರ ಯಾವ ಕ್ಲಿನಿಕ್ಕಿನ ಸಮಯಕ್ಕೂ ಕಾಯಬಾರದು. ಅವರನ್ನು ಒಬ್ಬರೇ ಬಿಡದೆ 14416ಕ್ಕೆ ಕರೆ ಮಾಡಿ. 2022ರಲ್ಲಿ ಶುರುವಾದ ಈ ಟೆಲಿ ಮಾನಸ್ ಉಚಿತ ಸಹಾಯವಾಣಿ ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು.