ಹೆದ್ದಾರಿಯಾಚೆಯ ನಿಶ್ಶಬ್ದ: ಕುರಕುಂಭದ ಸುತ್ತ ಸೈಕಲ್ ಸಂಚಾರ

ಪುಣೆಯಿಂದ ಕಲಬುರಗಿಗೋ ವಿಜಯಪುರಕ್ಕೋ ಹೊರಟ ಕನ್ನಡಿಗನಿಗೆ ಕುರಕುಂಭವು ಅಪರಿಚಿತವಾದ ಊರಲ್ಲ. ಸೋಲಾಪುರದ ಹೆದ್ದಾರಿಯಲ್ಲಿ ಸುಮಾರು ೮೦ ಕಿಲೋಮೀಟರು ಸಾಗಿದ ಮೇಲೆ ದೌಂಡಿನಿಂದ ಬಾರಾಮತಿಗೆ ಹೋಗುವ ರಸ್ತೆ ಅಡ್ಡ ಬರುತ್ತದೆ. ರಾಸಾಯನಿಕ ಕಾರ್ಖಾನೆಗಳ ಚಿಮಣಿಗಳು ಕಾಣುತ್ತವೆ. ಅಷ್ಟರಲ್ಲಿ ಬಸ್ಸು ಊರನ್ನು ದಾಟಿರುತ್ತದೆ. ಫಿರಂಗಾಯಿ ದೇವಿಯ ಭಕ್ತರನ್ನುಳಿದು ಇಲ್ಲಿ ಇಳಿಯಬೇಕೆಂದು ಯಾರಿಗೂ ತೋರುವುದಿಲ್ಲ. ಲಾರಿಗಳ ಗರ್ಜನೆ, ಹಾರನ್ನುಗಳ ಕರ್ಕಶಧ್ವನಿ, ಧೂಳು ಇವೇ ಕುರಕುಂಭವೆಂದು ಭಾವಿಸಿದವರೇ ಹೆಚ್ಚು.

ಆದರೆ ಇದೇ ಕೂಡುರಸ್ತೆಯಿಂದ ಹೊಲಗಳ ನಡುವಿನ ಯಾವುದಾದರೊಂದು ಕಾಲುದಾರಿಗೆ ಸೈಕಲ್ಲಿನ ಹ್ಯಾಂಡಲನ್ನು ತಿರುಗಿಸಿದರೆ ನಾಲ್ಕಾರು ಫರ್ಲಾಂಗುಗಳಲ್ಲಿ ಲೋಕವೇ ಬೇರೆಯಾಗುತ್ತದೆ. ಮೊದಲು ಹಾರನ್ನು ಅಡಗುತ್ತದೆ, ಅನಂತರ ಎಂಜಿನ್ನುಗಳ ಮೊರೆತ. ಕೊನೆಗೆ ಉಳಿಯುವುದು ಸರಪಳಿಯ ಸಣ್ಣ ಸದ್ದು, ಚಕ್ರದಡಿಯಲ್ಲಿ ಮೊರಂ ನೆಲದ ಕಿರುಗುಟ್ಟುವಿಕೆ, ಎಲ್ಲಿಯೋ ನೀರೆತ್ತುವ ಪಂಪಿನ ಮಿಡಿತ. ಚಳಿಗಾಲದ ಬೆಳಗಿನಲ್ಲಿ ಹಿಂಗಾರಿ ಜೋಳ ಎದೆಯೆತ್ತರಕ್ಕೆ ನಿಂತಿರುತ್ತದೆ. ಜೋಳದ ರೊಟ್ಟಿಯುಂಡು ಬೆಳೆದ ಉತ್ತರ ಕರ್ನಾಟಕದವರಿಗೆ ಆ ನೋಟ ತವರಿನ ನೋಟವೇ ಸರಿ. ಸೈಕಲ್ಲಿನ ವೇಗಕ್ಕೆ ಒಂದು ವಿಶೇಷ ಗುಣವಿದೆ: ನಡಿಗೆಗಿಂತ ಮೂರು ಪಟ್ಟು ದೂರ ಕ್ರಮಿಸಬಹುದು, ಆದರೂ ಬದುವಿನ ಮೇಲೆ ಕುಳಿತ ರೈತನಿಗೆ ನಮಸ್ಕಾರ ಹೇಳಿ ಅವನ ಮರುಮಾತನ್ನು ಕೇಳುವಷ್ಟು ನಿಧಾನವೂ ಅದಕ್ಕುಂಟು.

ಪುಣೆಯ ಹಿರಿಯರಿಗೆ ಇದೆಲ್ಲ ಹೊಸತಲ್ಲ. ಒಂದು ಕಾಲಕ್ಕೆ ಆ ನಗರಕ್ಕೆ ಸೈಕಲ್ಲುಗಳ ನಗರವೆಂದೇ ಬಿರುದಿತ್ತು. ವಿದ್ಯಾರ್ಥಿಗಳು, ಗುಮಾಸ್ತರು, ಪ್ರಾಧ್ಯಾಪಕರು, ಗಿರಣಿಯ ಕಾರ್ಮಿಕರು ಎಲ್ಲರೂ ಸೈಕಲ್ಲನ್ನೇರಿಯೇ ಹೋಗುತ್ತಿದ್ದರು. ಸ್ಕೂಟರು, ಮೋಟಾರ್ ಸೈಕಲ್ಲು, ಕಾರುಗಳು ಬಂದು ಕೆಲವೇ ದಶಕಗಳಲ್ಲಿ ಆ ದೃಶ್ಯವನ್ನು ಅಳಿಸಿಬಿಟ್ಟವು. ಇತ್ತ ಕರ್ನಾಟಕದ ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಇಂದಿಗೂ ರಾಷ್ಟ್ರಮಟ್ಟದ ಸೈಕಲ್ ಪಟುಗಳ ತವರಾಗಿವೆ. ಪಂದ್ಯದ ಸೈಕಲ್ಲಿಗೂ ಸಂಚಾರದ ಸೈಕಲ್ಲಿಗೂ ದಾರಿ ಬೇರೆಯೆಂಬುದು ನಿಜ. ಒಬ್ಬನಿಗೆ ಗಡಿಯಾರ ಮುಖ್ಯ. ಇನ್ನೊಬ್ಬನಿಗೆ ಗಡಿಯಾರವನ್ನು ಮರೆಯುವುದೇ ಮುಖ್ಯ. ನಲವತ್ತು ದಾಟಿದವರಿಗೆ ಹಿತವಾದುದು ಎರಡನೆಯ ದಾರಿ.

ಸದ್ದಿಲ್ಲದ ದಾರಿಗೂ ಆರೋಗ್ಯಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಗದ್ದಲವು ಕಿವಿಗೆ ಮಾತ್ರ ತಾಗುವ ಉಪದ್ರವವಲ್ಲ. ಎಡೆಬಿಡದ ವಾಹನಗಳ ಸದ್ದು ನಿದ್ರೆಯನ್ನು ಕೆಡಿಸುತ್ತದೆ, ಒತ್ತಡದ ರಸಗಳನ್ನು ರಕ್ತಕ್ಕೆ ಸುರಿಸುತ್ತದೆ, ಕಾಲಕ್ರಮೇಣ ಹೃದಯದ ಮೇಲೂ ಭಾರ ಹೇರುತ್ತದೆ. ರಸ್ತೆಯ ವಾಹನಗಳ ಸದ್ದು ಇಡೀ ದಿನದ ಸರಾಸರಿಯಲ್ಲಿ ೫೩ ಡೆಸಿಬೆಲ್ಲಿಗಿಂತ ಕಡಿಮೆಯಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಯುರೋಪು ವಿಭಾಗವು ೨೦೧೮ರಲ್ಲಿ ಸಲಹೆಯಿತ್ತಿತು. ಹೆದ್ದಾರಿಯ ಅಂಚಿನಲ್ಲಿ ಮನೆ ಮಾಡಿಕೊಂಡವರಿಗೆ ಅದು ಕನಸಿನ ಮಾತು. ವ್ಯಾಯಾಮವೆಂದು ಅಂಥ ರಸ್ತೆಯಲ್ಲೇ ಸೈಕಲ್ಲು ತುಳಿಯುವವನು ಒಂದು ಕೈಯಿಂದ ಗಳಿಸಿದ್ದನ್ನು ಇನ್ನೊಂದು ಕೈಯಿಂದ ಕಳೆಯುತ್ತಾನೆ. ಹೊಗೆಯನ್ನು ಆಳವಾಗಿ ಸೇದುತ್ತಾನೆ, ಬೆನ್ನ ಹಿಂದಿನ ಲಾರಿಗೆ ಹೆದರಿ ಭುಜಗಳನ್ನು ಬಿಗಿಹಿಡಿದಿರುತ್ತಾನೆ. ಭಯವಿರುವಲ್ಲಿ ವಿಶ್ರಾಂತಿಯೆಲ್ಲಿಯದು?

ಇದನ್ನು ಚೆನ್ನಾಗಿ ಅರಿತುಕೊಂಡ ದೇಶಗಳಲ್ಲಿ ಸ್ಪೇನ್ ಒಂದು. ಅಲ್ಲಿ ರೈಲು ನಿಂತುಹೋದ ಮಾರ್ಗಗಳ ಹಳಿಗಳನ್ನು ಕಿತ್ತು, ಆ ದಾರಿಗಳನ್ನು ನಡೆಯುವವರಿಗೂ ಸೈಕಲ್ಲಿನವರಿಗೂ ಮೀಸಲಿಡುವ ಯೋಜನೆ ೧೯೯೩ರಲ್ಲಿ ಆರಂಭವಾಯಿತು. ‘ವಿಯಾಸ್ ವೆರ್ದೆಸ್’, ಅಂದರೆ ಹಸಿರು ದಾರಿಗಳು, ಎಂದು ಅವುಗಳ ಹೆಸರು. ಇಂದು ಅವುಗಳ ಒಟ್ಟು ಉದ್ದ ೩೦೦೦ ಕಿಲೋಮೀಟರನ್ನು ಮೀರಿದೆ. ಆಂಡಲೂಸಿಯಾ ಪ್ರಾಂತದಲ್ಲಿ ಆಲಿವ್ ಎಣ್ಣೆಯನ್ನು ಸಾಗಿಸುತ್ತಿದ್ದ ರೈಲುದಾರಿ ಈಗ ಆಲಿವ್ ತೋಪುಗಳ ನಡುವೆ ೧೨೮ ಕಿಲೋಮೀಟರಿನ ಸೈಕಲ್ ದಾರಿಯಾಗಿದೆ. ಅದೇ ಪ್ರಾಂತದಲ್ಲಿ ಓಲ್ವೆರಾದಿಂದ ಪುಯೆರ್ತೊ ಸೆರ್ರಾನೊವರೆಗಿನ ೩೬ ಕಿಲೋಮೀಟರಿನ ಕಥೆ ಇನ್ನೂ ಸ್ವಾರಸ್ಯಕರ. ೧೯೨೦ರ ದಶಕದಲ್ಲಿ ಕಟ್ಟಲಾರಂಭಿಸಿದ ಆ ಮಾರ್ಗದಲ್ಲಿ ೩೦ ಸುರಂಗಗಳೂ ೪ ಎತ್ತರದ ಸೇತುವೆಗಳೂ ಎದ್ದವು. ಆದರೆ ಒಂದೇ ಒಂದು ರೈಲೂ ಅಲ್ಲಿ ಓಡಲಿಲ್ಲ. ಈಗ ಬಂಡೆಗಳ ಮೇಲೆ ರಣಹದ್ದುಗಳು ಸುತ್ತುತ್ತಿರಲು, ಕೆಳಗೆ ಸಂಸಾರಸ್ಥರು ಮಕ್ಕಳೊಡನೆ ನಿರ್ಭಯವಾಗಿ ಸೈಕಲ್ಲು ತುಳಿಯುತ್ತಾರೆ. ರೈಲು ಹೆಚ್ಚು ಏರನ್ನು ಹತ್ತಲಾರದಾದ್ದರಿಂದ ರೈಲುದಾರಿಯ ಚಡಾವು ಯಾವಾಗಲೂ ಸೌಮ್ಯವಾಗಿರುತ್ತದೆ. ಮುದುಕರ ಮೊಣಕಾಲಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ!

ಕುರಕುಂಭದ ಸೀಮೆಯಲ್ಲಿ ಅಂಥ ದಾರಿಯಿಲ್ಲ. ದೌಂಡಿನಿಂದ ಬಾರಾಮತಿಗೆ ಹೋಗುತ್ತಿದ್ದ ಕಿರಿದಾದ ಹಳಿಯ ಪುಟ್ಟ ರೈಲು ಅಗಲ ಹಳಿಗೆ ಬಡ್ತಿ ಪಡೆಯಿತು. ಅದು ಸಂತೋಷದ ಸಂಗತಿಯೇ. ಇಲ್ಲಿನ ನಿಶ್ಶಬ್ದದ ದಾರಿಗಳು ಯಾರೂ ಯೋಜಿಸಿದವಲ್ಲ, ತಾವಾಗಿ ಉಳಿದುಕೊಂಡವು: ಎತ್ತಿನ ಬಂಡಿಯ ಜಾಡು, ಹಳ್ಳಿಯಿಂದ ಹಳ್ಳಿಗೆ ಹೋಗುವ ಒಂಟಿ ಡಾಂಬರು, ಕಾಲುವೆಯ ಏರಿ. ಯೋಜನೆಯಿಲ್ಲದೆ ಉಳಿದದ್ದು ಯೋಜನೆಯಿಲ್ಲದೆಯೇ ಅಳಿದುಹೋಗಬಹುದೆಂಬುದೇ ಆತಂಕ. ಆದರೆ ಆಶೆಗೂ ಆಸ್ಪದವಿದೆ. ಸಂತ ತುಕಾರಾಮರ ಪಾಲಖಿ ಪಾಟಸದಿಂದ ರೋಟಿ ಘಟ್ಟವನ್ನೇರಿ ಬಾರಾಮತಿಯತ್ತ ಸಾಗುವ ಮಾರ್ಗವನ್ನು ಚತುಷ್ಪಥವಾಗಿಸುವ ಕಾರ್ಯಕ್ಕೆ ೨೦೨೧ರ ನವೆಂಬರಿನಲ್ಲಿ ಶಂಕುಸ್ಥಾಪನೆಯಾದಾಗ, ರಸ್ತೆಯ ಎರಡೂ ಬದಿಗೆ ವಾರಕರಿಗಳಿಗಾಗಿ ಪ್ರತ್ಯೇಕ ಕಾಲುಹಾದಿಯನ್ನು ಆ ಯೋಜನೆಯಲ್ಲಿ ಸೇರಿಸಲಾಗಿತ್ತು. ನಡೆಯುವವನಿಗೂ ರಸ್ತೆಯಲ್ಲಿ ಪಾಲುಂಟೆಂದು ಒಪ್ಪಿದ ಮೇಲೆ ತುಳಿಯುವವನ ಪಾಲನ್ನು ಕೇಳುವುದು ಅತಿಯಾಸೆಯಾಗದು.

ಹೊಸದಾಗಿ ಹೊರಡುವವರಿಗೆ ದೌಂಡಿನಿಂದ ಸಿದ್ಧಟೇಕಕ್ಕೆ ಹೋಗುವ ದಾರಿ ತಕ್ಕುದು. ಕುರಕುಂಭದಿಂದ ದೌಂಡಿಗೆ ಹತ್ತು ಕಿಲೋಮೀಟರಿನಷ್ಟು. ಈ ತುಂಡು ಮಾತ್ರ ವಾಹನಗಳಿಂದ ತುಂಬಿರುವುದರಿಂದ ನಸುಕಿನಲ್ಲೇ ದಾಟಬೇಕು. ಅಲ್ಲಿಂದ ಮುಂದೆ ಭೀಮಾ ನದಿಯ ಬಲದಂಡೆಯ ಹಳ್ಳಿಗಳನ್ನು ಹಾದು ಶಿರಾಪುರ; ಹೊಳೆಯಾಚೆ ಅಷ್ಟವಿನಾಯಕರಲ್ಲಿ ಒಬ್ಬನಾದ ಸಿದ್ಧಿವಿನಾಯಕ. ಶಿರಾಪುರದಿಂದ ದೋಣಿಯಲ್ಲಿ ದಾಟಿ ದರ್ಶನ ಪಡೆಯುವುದು ಹಳೆಯ ವಾಡಿಕೆ. ದೇವಾಲಯವು ಗುಡ್ಡಕ್ಕೆ ಅಂಟಿಕೊಂಡಿರುವುದರಿಂದ ಪ್ರದಕ್ಷಿಣೆಯೆಂದರೆ ಗುಡ್ಡವನ್ನೇ ಸುತ್ತಬೇಕು. ದಂಡೆಯಲ್ಲಿ ಕಾಲು ಚಾಚಿ ಕುಳಿತ ಕನ್ನಡಿಗನು ಒಂದು ಮಾತನ್ನು ನೆನೆಯಬಹುದು: ಈ ನೀರೇ ಮುಂದೆ ಗಾಣಗಾಪುರದ ಸಂಗಮವನ್ನು ಮುಟ್ಟಿ, ರಾಯಚೂರಿನ ಸೀಮೆಯಲ್ಲಿ ಕೃಷ್ಣೆಯನ್ನು ಸೇರುತ್ತದೆ.

ಪೂರ್ವದಿಕ್ಕಿಗೆ ಹೊರಟರೆ ಭಿಗವಣದ ಬಳಿ ಉಜನಿ ಜಲಾಶಯದ ಹಿನ್ನೀರು ಸಿಗುತ್ತದೆ. ೧೯೮೦ರಲ್ಲಿ ಪೂರ್ಣಗೊಂಡ ಆ ಅಣೆಕಟ್ಟು ಎಷ್ಟೋ ಹಳ್ಳಿಗಳನ್ನು ಮುಳುಗಿಸಿತು. ಅದರ ಹಿನ್ನೀರಿಗೆ ಚಳಿಗಾಲದಲ್ಲಿ ರಾಜಹಂಸಗಳು ಬಂದಿಳಿಯುತ್ತವೆ. ಪಶ್ಚಿಮದಲ್ಲಿ ಸುಪೆಯ ಹತ್ತಿರ, ೧೯೯೭ರಲ್ಲಿ ಘೋಷಿತವಾದ ಮಯೂರೇಶ್ವರ ಅಭಯಾರಣ್ಯವಿದೆ. ಐದು ಚದರ ಕಿಲೋಮೀಟರನ್ನು ಸ್ವಲ್ಪ ಮಾತ್ರ ಮೀರಿದ ಆ ಹುಲ್ಲುಗಾವಲು ಚಿಂಕಾರಗಳ ನೆಲೆ. ಎಂಜಿನ್ನಿನ ಸದ್ದಿಗೆ ಬೆದರುವ ಪ್ರಾಣಿಗಳನ್ನು ಕಾಣಲು ಸದ್ದಿಲ್ಲದ ಸೈಕಲ್ಲು ಅನುಕೂಲವೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ದೇಹದ ವಿಚಾರ. ವಯಸ್ಕರು ವಾರಕ್ಕೆ ೧೫೦ರಿಂದ ೩೦೦ ನಿಮಿಷ ಮಧ್ಯಮ ಶ್ರಮದ ವ್ಯಾಯಾಮ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ೨೦೨೦ರ ಸೂಚನೆ. ತುಳಿಯುತ್ತ ಮಾತಾಡಲು ಸಾಧ್ಯ, ಹಾಡಲು ಆಗದು ಎಂಬಷ್ಟಿದ್ದರೆ ಅದೇ ಮಧ್ಯಮ ಶ್ರಮ. ಬ್ರಿಟನ್ನಿನ ೨,೬೩,೪೫೦ ಜನರನ್ನು ಸುಮಾರು ಐದು ವರ್ಷ ಗಮನಿಸಿ ೨೦೧೭ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುವವರ ಮರಣದ ಸಂಭವವು ಉಳಿದವರಿಗಿಂತ ಶೇಕಡಾ ೪೧ರಷ್ಟು ಕಡಿಮೆಯೆಂದು ಕಂಡುಬಂದಿತು. ಆರೋಗ್ಯವಂತರೇ ಸೈಕಲ್ಲನ್ನು ಆಯ್ದುಕೊಂಡಿರಬಹುದೆಂಬ ಶಂಕೆಗೆ ಎಡೆಯಿದ್ದರೂ ಅಂತರ ಸಣ್ಣದಲ್ಲ. ಮೈಭಾರವನ್ನು ಸೀಟು ಹೊರುವುದರಿಂದ ಮೊಣಕಾಲಿಗೆ ಓಟದ ಪೆಟ್ಟು ಇಲ್ಲಿಲ್ಲ. ಆದರೆ ಸೀಟಿನ ಎತ್ತರ ಸರಿಯಿರಬೇಕು: ಕೆಳಗಿಳಿದ ಪೆಡಲಿನ ಮೇಲೆ ಹಿಮ್ಮಡಿಯಿಟ್ಟಾಗ ಕಾಲು ನೇರವಾಗಬೇಕು. ನಮ್ಮವರಲ್ಲಿ ಬಹುಮಂದಿ ಸೀಟನ್ನು ತಗ್ಗಿಸಿ ಕುಳಿತು, ಆಮೇಲೆ ಮಂಡಿನೋವೆಂದು ಸೈಕಲ್ಲನ್ನು ದೂರುತ್ತಾರೆ.

ಮಧುಮೇಹಿಗಳಿಗೆ ಇದು ಒಳ್ಳೆಯ ವ್ಯಾಯಾಮ; ದುಡಿಯುವ ಸ್ನಾಯುಗಳು ರಕ್ತದ ಸಕ್ಕರೆಯನ್ನು ಹೀರಿಕೊಳ್ಳುತ್ತವೆ. ಅದೇ ಕಾರಣದಿಂದ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಗುಳಿಗೆಗಳನ್ನು ಸೇವಿಸುವವರಿಗೆ ನಡುದಾರಿಯಲ್ಲಿ ಕೈನಡುಕ, ಬೆವರು, ಕಣ್ಣು ಮಂಜಾಗುವುದು ಉಂಟು. ಜೇಬಿನಲ್ಲಿ ಸಕ್ಕರೆಯೋ ಗ್ಲೂಕೋಸ್ ಪುಡಿಯೋ ಇರಲೇಬೇಕು, ಜೊತೆಗೊಬ್ಬ ಸಂಗಾತಿಯೂ ಇರಬೇಕು. ಎದೆಯಲ್ಲಿ ಹಿಡಿತ ಕಂಡರೆ ತಕ್ಷಣ ಇಳಿದು ವೈದ್ಯರನ್ನು ಕಾಣತಕ್ಕದ್ದು. ಹೃದಯದ ತೊಂದರೆಯೋ ರಕ್ತದೊತ್ತಡವೋ ಇದ್ದವರು ಹೊರಡುವ ಮುನ್ನವೇ ವೈದ್ಯರ ಅಭಿಪ್ರಾಯ ಕೇಳುವುದು ಲೇಸು.

ಈ ಸೀಮೆಗೆ ತನ್ನದೇ ಕಾಟಗಳೂ ಇವೆ. ಬಳ್ಳಾರಿ ಜಾಲಿಯ ಮುಳ್ಳು ಯಾವ ಟೈರನ್ನೂ ಗೌರವಿಸುವುದಿಲ್ಲ. ಪಂಪು, ಹೆಚ್ಚಿನ ಟ್ಯೂಬು, ಪಂಕ್ಚರಿನ ಸಾಮಾನು ಜೊತೆಗಿರಲಿ. ಮಳೆ ಬಿದ್ದ ಮರುದಿನ ಎರೆಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ತುಂಬಿ ಸೈಕಲ್ಲನ್ನು ಹೆಗಲ ಮೇಲೆ ಹೊರುವಂತೆ ಮಾಡುತ್ತದೆ. ಕಬ್ಬು ಕಡಿಯುವ ಕಾಲದಲ್ಲಿ ಎರಡೆರಡು ಟ್ರೇಲರು ಕಟ್ಟಿದ ಟ್ರಾಕ್ಟರುಗಳು ಸಣ್ಣ ದಾರಿಗಳನ್ನೂ ಬಿಡುವುದಿಲ್ಲ. ಇಳಿದು ಬದಿಗೆ ನಿಲ್ಲುವುದರಲ್ಲಿ ಅವಮಾನವೇನೂ ಇಲ್ಲ. ಕಾಲುವೆಯ ಏರಿಗೆ ಕಟಕಟೆಯಿಲ್ಲ. ಕತ್ತಲಲ್ಲಿ ಅಲ್ಲಿ ತುಳಿಯಲಾಗದು, ಮಕ್ಕಳನ್ನು ನೀರಿಗಿಳಿಸಲಂತೂ ಕೂಡದು. ಬೇಸಗೆಯಲ್ಲಿ ಒಂಬತ್ತು ಗಂಟೆಯೊಳಗೆ ನೆರಳು ಸೇರಬೇಕು. ಬಾಯಾರುವ ಮೊದಲೇ ಗುಟುಕು ಗುಟುಕಾಗಿ ನೀರು, ಉಪ್ಪು ಬೆರೆಸಿದ ಮಜ್ಜಿಗೆ. ಮಾರ್ಗಶಿರ, ಪುಷ್ಯ ಮಾಸಗಳ ಬೆಳಗು ಸೈಕಲ್ಲಿಗೆ ಅತ್ಯುತ್ತಮ. ಆರು ಗಂಟೆಗೆ ಕುರಕುಂಭವನ್ನು ಬಿಟ್ಟವರು ಭೀಮೆಯನ್ನು ಕಂಡು, ಬುತ್ತಿಯ ಜೋಳದ ರೊಟ್ಟಿ ಶೇಂಗಾ ಚಟ್ನಿಯನ್ನು ಮುಗಿಸಿ, ಮಧ್ಯಾಹ್ನದ ವೇಳೆಗೆ ಮತ್ತೆ ಕೂಡುರಸ್ತೆಯ ಚಹಾದಂಗಡಿಯ ಬೆಂಚನ್ನು ತಲುಪಬಹುದು. ಅಷ್ಟು ಹೊತ್ತಿಗೆ ಹೆದ್ದಾರಿ ಪೂರ್ತಿ ಎಚ್ಚತ್ತಿರುತ್ತದೆ, ಕಲಬುರಗಿಯ ಬಸ್ಸು ಹಾರನ್ನು ಹೊಡೆಯುತ್ತ ಧೂಳೆಬ್ಬಿಸಿ ಹೋಗುತ್ತಿರುತ್ತದೆ.