ಹೆರ್ಮೋನ್ ಪರ್ವತಕ್ಕಿಳಿದ ಇನ್ನೂರು ದೂತರು

ಹೀಬ್ರೂ ಬೈಬಲ್ಲಿನ ಆದಿಕಾಂಡದ ಆರನೇ ಅಧ್ಯಾಯದ ಮೊದಲ ನಾಲ್ಕು ವಚನಗಳು, ದೇವಪುತ್ರರು ಮನುಷ್ಯರ ಹೆಣ್ಣುಮಕ್ಕಳ ಚೆಲುವಿಗೆ ಮನಸೋತು ಅವರನ್ನು ಮದುವೆಯಾದರೆಂದೂ, ಆಗ ನೆಫೀಲಿಯರೆಂಬ ಮಹಾಶರೀರಿಗಳು ಭೂಮಿಯ ಮೇಲಿದ್ದರೆಂದೂ ಹೇಳಿ ಸುಮ್ಮನಾಗುತ್ತವೆ. ಆ ದೇವಪುತ್ರರು ಯಾರು, ಅವರಿಗೆ ಮುಂದೇನಾಯಿತು ಎಂಬುದನ್ನು ವಿಸ್ತರಿಸಿ ಹೇಳಿದ ಯೆಹೂದಿ ಕೃತಿಗಳಲ್ಲಿ ಹೆಚ್ಚು ಪ್ರಭಾವ ಬೀರಿದ್ದು, ಕ್ರಿ.ಪೂ. 3ನೇ ಶತಮಾನದ ಹೊತ್ತಿಗೆ ಅರಾಮಿಕ್ ಭಾಷೆಯಲ್ಲಿ ರೂಪುಗೊಂಡು, ಇಂದು ಬೈಬಲ್ಲಿನ ಪೂರ್ವಜ ಹನೋಕನ ಹೆಸರಿನ ಮೊದಲ ಗ್ರಂಥದ 1ರಿಂದ 36ನೇ ಅಧ್ಯಾಯಗಳಾಗಿ ಉಳಿದಿರುವ ‘ಕಾವಲುಗಾರರ ಗ್ರಂಥ’.

ಕಾವಲುಗಾರರೆಂದರೆ ನಿದ್ರೆಯಿಲ್ಲದೆ ಸದಾ ಎಚ್ಚರವಾಗಿರುವ ದೇವದೂತರು. ಅವರಲ್ಲಿ ಇನ್ನೂರು ಮಂದಿ ಹನೋಕನ ತಂದೆ ಯೆರೆದನ ಕಾಲದಲ್ಲಿ ಮನುಷ್ಯರ ಹೆಣ್ಣುಮಕ್ಕಳನ್ನು ವರಿಸಲೆಂದು ಹೆರ್ಮೋನ್ ಪರ್ವತದ ನೆತ್ತಿಗೆ ಇಳಿಯುತ್ತಾರೆ. ಪಾಪದ ಹೊಣೆಯೆಲ್ಲ ತನ್ನೊಬ್ಬನ ತಲೆಗೇ ಬಂದೀತೆಂದು ನಾಯಕ ಶೆಮಿಹಜಾ ಅಂಜಿದಾಗ, ಯಾರೂ ಹಿಂಜರಿಯಬಾರದೆಂದು ಎಲ್ಲರೂ ಅಲ್ಲೇ ಆಣೆಯಿಡುತ್ತಾರೆ. ಅವರಿಗೆ ಹುಟ್ಟಿದ ದೈತ್ಯರು ಜನರ ದುಡಿಮೆಯನ್ನೆಲ್ಲ ತಿಂದು ಮುಗಿಸಿ, ಕೊನೆಗೆ ಜನರನ್ನೇ ತಿನ್ನತೊಡಗುತ್ತಾರೆ. ಇದರೊಡನೆ ಹೆಣೆದುಕೊಂಡ ಇನ್ನೊಂದು ಎಳೆಯಲ್ಲಿ ತಪ್ಪಿನ ಮೂಲ ಕಾಮವಲ್ಲ, ವಿದ್ಯೆ: ಅಸಾಯೇಲನೆಂಬ ದೂತನು ಕತ್ತಿ, ಎದೆಗವಚಗಳನ್ನು ಬಡಿಯುವುದನ್ನೂ, ಬಳೆ ಮಾಡುವುದನ್ನೂ, ಕಣ್ಣಿಗೆ ಕಾಡಿಗೆ ತೀಡುವುದನ್ನೂ ಮನುಷ್ಯರಿಗೆ ಕಲಿಸುತ್ತಾನೆ. ಅಲೆಕ್ಸಾಂಡರನ ಉತ್ತರಾಧಿಕಾರಿಗಳ ನಡುವೆ ನಡೆದ ಕಾಳಗಗಳ ನೆರಳು ಈ ದೈತ್ಯರ ಮೇಲಿದೆ ಎಂಬ ವಿದ್ವಾಂಸ ಜಾರ್ಜ್ ನಿಕಲ್ಸ್‌ಬರ್ಗ್ ಅವರ ಊಹೆ ಒಪ್ಪತಕ್ಕದ್ದಾಗಿದೆ.

ಮುಂದಿನ ಪ್ರಸಂಗವೇ ಗ್ರಂಥದ ತಿರುಳು. ತಪ್ಪಿತಸ್ಥ ದೂತರು ತಮ್ಮ ಪರವಾಗಿ ಕ್ಷಮೆಯ ಅರ್ಜಿ ಬರೆದುಕೊಡುವಂತೆ ಮನುಷ್ಯನಾದ ಹನೋಕನನ್ನೇ ಬೇಡಿಕೊಳ್ಳುತ್ತಾರೆ. ಅವನು ದಾನ್ ಪ್ರದೇಶದ ನೀರಿನ ಬಳಿ ಕುಳಿತು ಅದನ್ನು ಓದುತ್ತ ಓದುತ್ತ ನಿದ್ದೆಹೋದಾಗ ಕಂಡ ದರ್ಶನದಲ್ಲಿ, ಮನುಷ್ಯರಿಗಾಗಿ ದೂತರು ಬೇಡಬೇಕೇ ಹೊರತು ದೂತರಿಗಾಗಿ ಮನುಷ್ಯರಲ್ಲವೆಂಬ ಉತ್ತರ ಬರುತ್ತದೆ. ಅಸಾಯೇಲನಂತೂ ಪ್ರಧಾನ ದೂತ ರಫಾಯೇಲನ ಕೈಯಿಂದ ಕೈಕಾಲು ಕಟ್ಟಿಸಿಕೊಂಡು, ಮರುಭೂಮಿಯ ಕತ್ತಲ ಕುಳಿಯಲ್ಲಿ ಚೂಪುಗಲ್ಲುಗಳ ಅಡಿಗೆ ಸೇರಬೇಕಾಗುತ್ತದೆ. ಸತ್ತ ದೈತ್ಯರ ಆತ್ಮಗಳು ಮಾತ್ರ ದುಷ್ಟಶಕ್ತಿಗಳಾಗಿ ಭೂಮಿಯಲ್ಲೇ ಉಳಿಯುತ್ತವೆ. ಕೆಡುಕಿಗೆ ಮನುಷ್ಯನ ಅವಿಧೇಯತೆಯೊಂದೇ ಕಾರಣವಲ್ಲ, ಅದು ಮೇಲಿನಿಂದಲೂ ಇಳಿದು ಬಂದಿತೆಂಬ ಈ ವಿವರಣೆ ಆದಾಮನ ಕಥೆಯಷ್ಟೇ ಗಂಭೀರವಾದುದು. ಕ್ರಿ.ಪೂ. 2ನೇ ಶತಮಾನದ ಜುಬಿಲಿಗಳ ಗ್ರಂಥವು ಇದನ್ನು ಮುಂದುವರಿಸಿ, ಮಸ್ತೇಮಾ ಎಂಬ ಅವುಗಳ ಒಡೆಯನ ಬೇಡಿಕೆಯಂತೆ ಆ ಆತ್ಮಗಳಲ್ಲಿ ಹತ್ತನೇ ಒಂದು ಭಾಗ ಅವನ ಕೈಕೆಳಗೆ ಉಳಿಯಿತೆನ್ನುತ್ತದೆ.

ಹೊಸ ಒಡಂಬಡಿಕೆಯ ಯೂದನ ಪತ್ರಿಕೆ ಹನೋಕನ ಮಾತನ್ನು ಉದ್ಧರಿಸಿದರೂ, ರಬ್ಬಿಗಳೂ ಬಹುಪಾಲು ಕ್ರೈಸ್ತ ಸಭೆಗಳೂ ಗ್ರಂಥವನ್ನು ಕೈಬಿಟ್ಟವು. ಇಥಿಯೋಪಿಯಾದ ಸಭೆ ಮಾತ್ರ ಗೀಜ್ ಭಾಷೆಯಲ್ಲಿ ಅದನ್ನು ಇಡಿಯಾಗಿ ಕಾಪಾಡಿತು. ಅಲ್ಲಿಂದ ಪ್ರವಾಸಿ ಜೇಮ್ಸ್ ಬ್ರೂಸ್ 1773ರಲ್ಲಿ ಯುರೋಪಿಗೆ ಒಯ್ದ ಹಸ್ತಪ್ರತಿಗಳಿಂದ ವಿದ್ವಾಂಸರಿಗೆ ಕೃತಿ ಮತ್ತೆ ದೊರೆಯಿತು. ಮೃತ ಸಮುದ್ರದ ಬಳಿಯ ಕುಮ್ರಾನಿನ ನಾಲ್ಕನೇ ಗವಿಯ ಅರಾಮಿಕ್ ತುಣುಕುಗಳನ್ನು ಜೆ. ಟಿ. ಮಿಲಿಕ್ 1976ರಲ್ಲಿ ಪ್ರಕಟಿಸಿದ ಮೇಲೆ, ಅದು ಕ್ರೈಸ್ತ ಧರ್ಮ ಹುಟ್ಟುವ ಮೊದಲೇ ಯೆಹೂದಿಗಳು ಓದುತ್ತಿದ್ದ ಗ್ರಂಥವೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಾಗಲಿಲ್ಲ.